ಊಹಿಸಿ ನೋಡೋಣ, ತೆಂಗಿನಗುಂಡಿಯ ಎಂ.ಪಿ. ಯಾರು?

ಒಂದು ಒಗಟು. ಬಿಡಿಸುತ್ತೀರಾ?

1967ರ ಫೆಬ್ರುವರಿ. ದೇಶದ ನಾಲ್ಕನೆಯ ಮಹಾಚುನಾವಣೆ. ಭಟ್ಕಳದ ತೆಂಗಿನಗುಂಡಿಯವರು ಮತ ಹಾಕಿದರು. ಹೊನ್ನಾವರದವರು ಹಾಕಿದರು. ಕುಮಟೆಯವರು ಹಾಕಿದರು. ಎಲ್ಲರದೂ ಒಂದೇ ಲೋಕಸಭಾ ಕ್ಷೇತ್ರ, ಕೆನರಾ. ಇವರೆಲ್ಲ ಸೇರಿ ಒಬ್ಬರನ್ನು ಗೆಲ್ಲಿಸಿ ದಿಲ್ಲಿಗೆ ಕಳಿಸಿದರು.

ಯಾರವರು?

ತಡೆಯಿರಿ, ಹೆಸರು ಈಗಲೇ ಬೇಡ! ಹೇಳಿಬಿಟ್ಟರೆ ಸ್ವಾರಸ್ಯವೇ ಹೋಗುತ್ತದೆ. ಸುಳಿವು ಕೊಡುತ್ತ ಹೋಗುತ್ತೇನೆ, ನೀವು ಊಹಿಸುತ್ತ ಬನ್ನಿ. ಒಂದು ಮಾತು ಮಾತ್ರ ಮುಂಚೆಯೇ ಹೇಳಿಡುತ್ತೇನೆ. ಈ ಮನುಷ್ಯ ನಿಮಗೆ ಗೊತ್ತು. ನಿಮ್ಮ ಮಕ್ಕಳಿಗೂ ಗೊತ್ತು. ಅವರು ಬರೆದದ್ದು ನಿಮ್ಮ ಬಾಯಲ್ಲೇ ಇದೆ, ಪುಸ್ತಕ ತೆರೆಯುವುದೂ ಬೇಕಿಲ್ಲ! ಆದರೆ ಅವರು ಈ ಕರಾವಳಿಯ ಎಂ.ಪಿ. ಆಗಿದ್ದರು ಎಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ.

ಶುರು ಮಾಡೋಣ.

ಆ ಚುನಾವಣೆಯಲ್ಲಿ ಅವರ ಹಿಂದೆ ಯಾವ ಪಕ್ಷವೂ ಇರಲಿಲ್ಲ. ಪಕ್ಷೇತರ! ಇಡೀ ಲೋಕಸಭೆಯಲ್ಲಿ ಆಗ 520 ಸ್ಥಾನ. ಅದರಲ್ಲಿ ಪಕ್ಷೇತರರಾಗಿ ಗೆದ್ದು ಬಂದವರು ಎಷ್ಟು ಜನ? ನೂರು? ಅಲ್ಲ. ಐವತ್ತು? ಅದೂ ಅಲ್ಲ. 35! ಆ ಮೂವತ್ತೈದರಲ್ಲಿ ಒಬ್ಬರು ನಮ್ಮ ಕರಾವಳಿಯವರು.

ಗೊತ್ತಾಗಲಿಲ್ಲವೆ? ಇನ್ನೊಂದು ಸುಳಿವು ಕೊಡುತ್ತೇನೆ, ಇದು ಇನ್ನೂ ವಿಚಿತ್ರ.

ಯಾವ ಜಿಲ್ಲೆಯ ಜನ ಅವರನ್ನು ತಲೆಯ ಮೇಲೆ ಹೊತ್ತು ದಿಲ್ಲಿಗೆ ಕಳಿಸಿದರೋ, ಅದೇ ಜಿಲ್ಲೆಗೆ ಅವರು ಕಾಲಿಡಕೂಡದು ಎಂದು ಒಂದು ಕಾಲಕ್ಕೆ ಸರಕಾರದ ಆಜ್ಞೆಯಿತ್ತು! ಗಡಿಪಾರು! ಹುಟ್ಟಿದ ಊರಿಗೆ ಬರುವಂತಿಲ್ಲ. ತಿಂಗಳೆರಡು ತಿಂಗಳಲ್ಲ. 1940ರಿಂದ 1945ರ ತನಕ. ಐದು ವರ್ಷ!

ಅಪರಾಧ ಏನಿತ್ತು ಗೊತ್ತೆ? ಕಳವಲ್ಲ, ಕೊಲೆಯಲ್ಲ. ಗೇಣಿ ಗದ್ದೆಯ ರೈತರನ್ನು ಒಟ್ಟುಗೂಡಿಸಿದ್ದು!

ಈಗಲೂ ತಿಳಿಯಲಿಲ್ಲವೆ? ಸರಿ. ಎರಡು ಪುಸ್ತಕಗಳನ್ನು ಮುಂದಿಡುತ್ತೇನೆ. ಎರಡೂ ಅವರವೇ. ಎರಡೂ ಇಂಗ್ಲಿಷಿನಲ್ಲಿವೆ. ಒಂದರ ವಿಷಯ ಭಾರತದ ಹಡಗು ಕಾರ್ಮಿಕರು. ಇನ್ನೊಂದರ ವಿಷಯ ಕಲ್ಯಾಣದ ಚಾಲುಕ್ಯರ ಕೈಕೆಳಗಿದ್ದ ಮಹಾಮಂಡಲೇಶ್ವರರು. ಒಂದು ಕಡೆ ಉಪ್ಪುನೀರು, ಕಲ್ಲಿದ್ದಲ ಹೊಗೆ, ಮುಂಬಯಿಯ ಬಂದರು. ಇನ್ನೊಂದು ಕಡೆ ಶಿಲಾಶಾಸನ, ಬಿರುದಾವಳಿ, ಹತ್ತು ಹನ್ನೆರಡನೆಯ ಶತಮಾನ. ಎರಡನ್ನೂ ಬರೆದ ಕೈ ಒಂದೇ!

ಹಡಗಿನ ಖಲಾಸಿಗಳ ನಾಯಕ, ಶಾಸನ ಓದುವ ಇತಿಹಾಸಕಾರ, ಗಡಿಪಾರಾದ ರೈತ ಮುಂದಾಳು, ಪಕ್ಷೇತರ ಸಂಸದ. ಇಷ್ಟೆಲ್ಲ ಒಬ್ಬರೇ.

ಇಗೋ ಕೊನೆಯ ಸುಳಿವು. ಇದಕ್ಕೆ ನೀವು ಬೆಚ್ಚಿಬೀಳದಿದ್ದರೆ ಹೇಳಿ!

ಗಡಿಯಾರವನ್ನು ಎದುರಿಗೆ ನಿಲ್ಲಿಸಿಕೊಂಡು ಮಾತಾಡಿಸುವ ಒಂದು ಮಕ್ಕಳ ಹಾಡಿದೆಯಲ್ಲ? ಕನ್ನಡ ಶಾಲೆಯ ಎಳೆಯ ತರಗತಿಯಲ್ಲಿ ಕೂತವರಿಗೆ ಅದು ಕಿವಿಯಲ್ಲೇ ಇರುತ್ತದೆ. ಅಜ್ಜಿಯಂದಿರಿಗೆ ಬರುತ್ತದೆ, ಮೊಮ್ಮಕ್ಕಳಿಗೆ ಬರುತ್ತದೆ. ಮೊದಲ ಸಾಲು ಯಾರಾದರೂ ಎತ್ತಿಕೊಟ್ಟರೆ ಸಾಕು, ಉಳಿದದ್ದನ್ನು ನಾಲಗೆ ತಾನೇ ಮುಗಿಸುತ್ತದೆ. ನಾಲ್ಕಾರು ತಲೆಮಾರಿನ ಕನ್ನಡ ಮಕ್ಕಳಿಗೆ ಹೊತ್ತಿನ ಲೆಕ್ಕವನ್ನೂ ಪ್ರಾಸದ ರುಚಿಯನ್ನೂ ಒಟ್ಟಿಗೇ ಕಲಿಸಿದ ಹಾಡು!

ಅದನ್ನು ಬರೆದವರೇ ಆ ಎಂ.ಪಿ.!

ದಿನಕರ ದೇಸಾಯಿ!

ಹೌದು, ಚುಟುಕು ಬ್ರಹ್ಮ ದಿನಕರ ದೇಸಾಯಿ! ಅಂಕೋಲೆಯವರು. 1909ರ ಸೆಪ್ಟೆಂಬರ್ 10ರಂದು ಹುಟ್ಟಿದವರು. ತಂದೆ ದತ್ತಾತ್ರೇಯ ದೇಸಾಯಿ, ಶಾಲಾ ಮಾಸ್ತರರು. ಪಠ್ಯಪುಸ್ತಕದ ಕವಿಪರಿಚಯದಲ್ಲಿ ಎರಡು ಸಾಲಿನೊಳಗೆ ಕೂತುಬಿಟ್ಟ ಹೆಸರು. ಆ ಎರಡು ಸಾಲಿನ ಆಚೆ ಎಂಥ ಬಾಳು ಹರಡಿಕೊಂಡಿದೆ ಎಂಬುದು ತಿಳಿದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಯಾರಿಗಾದರೂ ಹೇಳಲೇಬೇಕು ಅನಿಸಿತು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ!

ಮೊದಲು ಕಡಲಿನ ಕಥೆ. ತೆಂಗಿನಗುಂಡಿಯವರಿಗೆ ಇದು ಮೊದಲು ಮುಟ್ಟಬೇಕು.

ದೇಸಾಯಿ ಅವರು ಮುಂಬಯಿಗೆ ಹೋದರು. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಇತಿಹಾಸದ ಎಂ.ಎ., ಜೊತೆಗೆ ಕಾನೂನು ಪದವಿ. ಆ ಕಾಲಕ್ಕೆ ಇಷ್ಟು ಓದಿದವರಿಗೆ ಮುಂಬಯಿ ಏನು ಕೊಡುತ್ತಿತ್ತು, ಯೋಚಿಸಿ. ಕರಿ ಕೋಟು, ಕಕ್ಷಿದಾರರು, ದುಡ್ಡು! ಅವರು ಏನು ಆರಿಸಿಕೊಂಡರು? ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಕಟ್ಟಿದ ಭಾರತ ಸೇವಕ ಸಮಾಜ! ಅಲ್ಲಿಗೆ ಸೇರಿದವರಿಗೆ ಸಂಪಾದನೆ ಇಲ್ಲ. ಸಮಾಜ ಕೊಡುವ ಸಣ್ಣ ಮೊತ್ತದಲ್ಲಿ ಬದುಕಬೇಕು. ಉಳಿದದ್ದೆಲ್ಲ ದೇಶದ ಕೆಲಸ.

ಅವರ ಪಾಲಿಗೆ ಬಂದ ಕೆಲಸ ಯಾವುದು? ಹಡಗಿನ ಆಳುಗಳು!

ಸ್ವಲ್ಪ ನಿಲ್ಲಿ. ಆ ಕಾಲದ ದೊಡ್ಡ ಉಗಿಹಡಗನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೇಲೆ ಬಿಳಿ ಉಡುಪಿನ ಬ್ರಿಟಿಷ್ ಕಪ್ತಾನ. ಕೆಳಗೆ, ತೀರಾ ಕೆಳಗೆ, ಬಾಯ್ಲರ್ ಮುಂದೆ ಕಲ್ಲಿದ್ದಲು ಎತ್ತಿ ಹಾಕುವವರು ಯಾರು? ನಮ್ಮವರು! ಡೆಕ್ಕು ತೊಳೆಯುವವರು, ಹಗ್ಗ ಎಳೆಯುವವರು, ಅಡಿಗೆ ಮನೆಯವರು, ಬಟ್ಲರುಗಳು, ಎಲ್ಲ ನಮ್ಮವರು! ಲಸ್ಕರ್ ಎನ್ನುತ್ತಿದ್ದರು ಅವರನ್ನು. ಕೊಂಕಣದಿಂದ, ಗೋವೆಯಿಂದ, ಬಂಗಾಳದ ಸಿಲ್ಹೆಟ್‌ನಿಂದ, ಪಂಜಾಬಿನಿಂದ ಬಂದವರು.

ಇವರಿಗೆ ಕೆಲಸ ಸಿಗುತ್ತಿದ್ದದ್ದು ಹೇಗೆ? ಇಲ್ಲಿದೆ ನೋಡಿ ಮೈ ಉರಿಯುವ ವಿಷಯ! ಹಡಗಿನ ಕಂಪನಿ ನೇರವಾಗಿ ಆಳು ಹಿಡಿಯುತ್ತಿರಲಿಲ್ಲ. ನಡುವೆ ಸಾರಂಗ ಎಂಬ ಖಲಾಸಿಗಳ ಮೇಸ್ತ್ರಿ, ಅವನ ಹಿಂದೆ ದಲಾಲ, ಅವನ ಹಿಂದೆ ವಸತಿ ಕೊಟ್ಟು ಸಾಲ ಬರೆದುಕೊಳ್ಳುವವ. ಹಡಗು ಹತ್ತಬೇಕೆ? ಲಂಚ ಕೊಡು! ಕೈಯಲ್ಲಿ ಕಾಸಿಲ್ಲವೆ? ಸಾಲ ಮಾಡು! ತಿಂಗಳುಗಟ್ಟಲೆ ದಂಡೆಯಲ್ಲಿ ಕಾದು, ಸಾಲದಲ್ಲಿ ಮುಳುಗಿ, ಕೊನೆಗೆ ಹಡಗು ಹತ್ತಿದರೆ ಸಂಬಳ ಎಷ್ಟು? ಅದೇ ಹಡಗಿನಲ್ಲಿ ಅದೇ ಕೆಲಸ ಮಾಡುವ ಬ್ರಿಟಿಷ್ ನಾವಿಕನ ಸಂಬಳದ ಒಂದು ತುಣುಕು! ಅವರ ಕೋಣೆಯ ಅಳತೆಯೂ ಚಿಕ್ಕದು, ಊಟದ ಅಳತೆಯೂ ಚಿಕ್ಕದು.

1939ರಲ್ಲಿ ಮಹಾಯುದ್ಧ ಶುರುವಾಯಿತು. ನೀರಿನಡಿಯಲ್ಲಿ ಜರ್ಮನಿಯ ಜಲಾಂತರ್ಗಾಮಿ. ಯಾವ ಗಳಿಗೆಯಲ್ಲಿ ಹಡಗು ಸಿಡಿಯುತ್ತದೋ ಗೊತ್ತಿಲ್ಲ. ಆಗ ಏನಾಯಿತು ಗೊತ್ತೆ? ಬ್ರಿಟಿಷ್ ಬಂದರುಗಳಲ್ಲೂ ಸಾಮ್ರಾಜ್ಯದ ಇತರ ಬಂದರುಗಳಲ್ಲೂ ಈ ಬಡ ಖಲಾಸಿಗಳು ಹಡಗು ಬಿಡಲು ಒಪ್ಪಲಿಲ್ಲ! ಸಂಬಳ ಇಮ್ಮಡಿ ಮಾಡಿ ಎಂದರು. ಎಷ್ಟೋ ಜನರನ್ನು ಜೈಲಿಗೆ ಹಾಕಿದರು. ಆದರೂ ಬಗ್ಗಲಿಲ್ಲ. ಕೊನೆಗೆ ಹೆಚ್ಚಿಸಬೇಕಾಯಿತು!

ಅದರ ಬೆನ್ನಿಗೇ, 1940ರಲ್ಲಿ, ದಿನಕರ ದೇಸಾಯಿ ಅವರ 'ಮ್ಯಾರಿಟೈಮ್ ಲೇಬರ್ ಇನ್ ಇಂಡಿಯಾ' ಮುಂಬಯಿಯಲ್ಲಿ ಅಚ್ಚಾಯಿತು. ಪ್ರಕಟಿಸಿದ್ದು ಅದೇ ಭಾರತ ಸೇವಕ ಸಮಾಜ. ನೇಮಕಾತಿ, ದಲಾಲಿ, ಸಂಬಳ, ದುಡಿಮೆ, ಬದುಕು, ಎಲ್ಲವೂ ಅದರೊಳಗೆ! ಭಾರತದ ನಾವಿಕರ ಇತಿಹಾಸ ಬರೆಯುವವರು ಇವತ್ತಿಗೂ ಆ ಪುಸ್ತಕಕ್ಕೆ ಹೋಗುತ್ತಾರೆ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ಸಂಶೋಧಕರು ತಮ್ಮ ಅಡಿಟಿಪ್ಪಣಿಗಳಲ್ಲಿ 'ಡಿ. ದೇಸಾಯಿ' ಎಂದು ಬರೆಯುತ್ತಾರೆ. ಈ ಡಿ. ದೇಸಾಯಿ ಕನ್ನಡದ ಮಕ್ಕಳಿಗೆ ಗಡಿಯಾರದ ಹಾಡು ಕೊಟ್ಟವರು ಎಂಬುದು ಅವರಲ್ಲಿ ಎಷ್ಟು ಜನರಿಗೆ ಗೊತ್ತಿರಬಹುದು!

ಇನ್ನು ನಮ್ಮಲ್ಲಿ ಗಡಿಯಾರದ ಹಾಡು ಹೇಳುವವರಿಗೆ ಆ ಪುಸ್ತಕ ಗೊತ್ತೆ? ಅದೂ ಇಲ್ಲ!

ತಾಂಡೇಲ, ಖಲಾಸಿ ಎಂಬ ಹೆಸರುಗಳು ಇನ್ನೂ ಮನೆಮಾತಾಗಿರುವ ಈ ದಂಡೆಯ ಜನ, ಹಡಗಿನಲ್ಲಿ ದುಡಿಯುವವರ ಪಾಡನ್ನು ಪುಸ್ತಕ ಮಾಡಿದ ಮನುಷ್ಯನನ್ನೇ ಮುಂದೆ ಲೋಕಸಭೆಗೆ ಕಳಿಸಿದರು! ಇದಕ್ಕಿಂತ ಸರಿಯಾದ ಜೋಡಿ ಬೇಕೆ?

ಈಗ ತಾರೀಖು ನೋಡಿ. ಪುಸ್ತಕ ಬಂದದ್ದು 1940. ಗಡಿಪಾರು ಶುರುವಾದದ್ದು? ಅದೇ 1940! ಒಂದೇ ವರ್ಷ!

ಮುಂಬಯಿಯಲ್ಲಿ ಖಲಾಸಿಗಳು, ಊರಲ್ಲಿ ಗೇಣಿದಾರರು. ಎರಡು ಕಡೆಯೂ ಒಂದೇ ಮನುಷ್ಯ ಓಡಾಡುತ್ತಿದ್ದ! ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬೆವರು ಗೇಣಿದಾರನದು, ಭತ್ತ ಒಡೆಯನ ಕಣಜಕ್ಕೆ. ಜೊತೆಗೆ ಬಿಟ್ಟಿ ಚಾಕರಿ. ಅಂಕೋಲೆ, ಕುಮಟೆ ಕಡೆಯ ಹಾಲಕ್ಕಿಗಳು, ಬಡ ಒಕ್ಕಲುಗಳು ತಲೆ ಎತ್ತಿ ಸಭೆಗೆ ಬಂದದ್ದು ಈ ಚಳವಳಿಯಲ್ಲಿ. ಉಳುವವನಿಗೇ ನೆಲ ಎಂಬ ಮಾತು ಇಲ್ಲಿ ಆಗಲೇ ಕೇಳಿಬಂದಿತ್ತು. ಸರಕಾರಕ್ಕೆ ತಡೆಯಲಾಗಲಿಲ್ಲ. ಆ ಮನುಷ್ಯನನ್ನು ಜಿಲ್ಲೆಯಿಂದಲೇ ಹೊರಗಟ್ಟಿತು!

ಮುಂದೆ ಏನಾಯಿತು ಕೇಳಿ. ಕರ್ನಾಟಕದಲ್ಲಿ ಗೇಣಿ ಪದ್ಧತಿಯನ್ನೇ ಕಿತ್ತೊಗೆದ ಕಾನೂನು ಜಾರಿಯಾದದ್ದು 1974ರ ಮಾರ್ಚ್ 1ರಂದು, ದೇವರಾಜ ಅರಸರ ಕಾಲದಲ್ಲಿ. ಅದನ್ನು ನೋಡಲು ದೇಸಾಯಿ ಅವರು ಇದ್ದರು! ಯಾವ ಮಾತಿಗೆ ಗಡಿಪಾರಾಗಿದ್ದರೋ ಅದೇ ಮಾತು ರಾಜ್ಯದ ಕಾನೂನಾಗಿ ಬಂತು. ಮೂರು ದಶಕ ದಾಟಿತ್ತು, ಆದರೂ ಬಂತು!

ಇನ್ನು ಆ ಚಾಲುಕ್ಯರ ಪುಸ್ತಕ. ಅದು ಬಂದದ್ದು 1951ರಲ್ಲಿ. ಪ್ರಕಟಿಸಿದ್ದು ಮುಂಬಯಿಯ ಇಂಡಿಯನ್ ಹಿಸ್ಟಾರಿಕಲ್ ರಿಸರ್ಚ್ ಇನ್‌ಸ್ಟಿಟ್ಯೂಟ್. ಸ್ಪೇನ್ ದೇಶದಿಂದ ಬಂದ ಫಾದರ್ ಹೆನ್ರಿ ಹೆರಾಸ್ ಎಂಬ ಪಾದ್ರಿ ಕಟ್ಟಿದ ಸಂಸ್ಥೆ ಅದು. ಕದಂಬರ ಮೇಲೆ ಹೆಸರಾಂತ ಗ್ರಂಥ ಬರೆದ ಜಾರ್ಜ್ ಮೊರಾಯೆಸ್ ಕೂಡ ಅದೇ ಹೆರಾಸರ ಶಿಷ್ಯರು. ಮಹಾಮಂಡಲೇಶ್ವರರೆಂದರೆ ಚಕ್ರವರ್ತಿಯ ಕೆಳಗೆ ನಾಡನ್ನು ಹಂಚಿಕೊಂಡು ಆಳುತ್ತಿದ್ದ ಸಾಮಂತರು. ಈಗ ಎರಡನ್ನೂ ಜೋಡಿಸಿ ನೋಡಿ! ಎಂಟು ಒಂಬತ್ತು ನೂರು ವರ್ಷ ಹಿಂದಿನ ಸಾಮಂತರನ್ನು ಶಾಸನಗಳಲ್ಲಿ ಹುಡುಕಿ ಓದಿದವರೇ ತಮ್ಮ ಕಾಲದ ಒಡೆಯರ ಎದುರು ಒಕ್ಕಲುಗಳನ್ನು ನಿಲ್ಲಿಸಿದರು! ನನಗಂತೂ ಇದು ಕಾಕತಾಳೀಯ ಅನಿಸುವುದಿಲ್ಲ. ನೆಲ ಯಾರ ಕೈಗೆ ಹೇಗೆ ಹೋಯಿತು ಎಂಬುದನ್ನು ಬೇರಿನಿಂದ ತಿಳಿದವರಿಗೆ ಅದನ್ನು ಮರಳಿ ಕೇಳುವ ಧೈರ್ಯವೂ ಬರುತ್ತದೆ.

ಅಷ್ಟಾದ ಮೇಲೆ ಸುಮ್ಮನೆ ಕೂತರೆ? ಇಲ್ಲವೇ ಇಲ್ಲ! 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಶುರು ಮಾಡಿದರು. ಜಿಲ್ಲೆಯಲ್ಲಿ ಹೈಸ್ಕೂಲು ಎಂದರೆ ಊರೂರು ದಾಟಿ ಹೋಗಬೇಕಾಗಿದ್ದ ಕಾಲ. ಹೊಳೆ ದಾಟಬೇಕು, ಗುಡ್ಡ ಹತ್ತಬೇಕು. ಮೀನು ಹಿಡಿಯುವವರ ಮಗ, ಗೇಣಿದಾರನ ಮಗಳು ಹೈಸ್ಕೂಲು ಮೆಟ್ಟಿಲು ಹತ್ತುವುದು ಕನಸಿನ ಮಾತು. ಟ್ರಸ್ಟು ಒಂದಾದ ಮೇಲೊಂದು ಶಾಲೆ ತೆರೆಯಿತು. ಹೆಸರು ನೋಡಿ, ಜನತಾ ವಿದ್ಯಾಲಯ! ದಾಂಡೇಲಿಯ ಕಾಡಿನ ಮಗ್ಗುಲಲ್ಲಿ ಒಂದು. ನಮ್ಮ ಶಿರಾಲಿಯಲ್ಲಿ ಒಂದು!

ಶಿರಾಲಿ ಎಷ್ಟು ದೂರ? ತೆಂಗಿನಗುಂಡಿಯ ದಂಡೆಯಲ್ಲಿ ನಿಂತರೆ ವೆಂಕಟಾಪುರ ಹೊಳೆ ಕಡಲು ಸೇರುವುದು ಕಾಣುತ್ತದೆ. ಹೊಳೆಯ ಆಚೆ ಅಳ್ವೆಕೋಡಿ, ಅದರ ಮೇಲೆ ಶಿರಾಲಿ. ಅಷ್ಟೇ! ಅವರ ಕೆಲಸ ಇಲ್ಲಿಯ ತನಕ ಬಂದು ತಲುಪಿತ್ತು.

ಕಾಲೇಜು ಬೇಡವೆ? ಬೇಕು! ಗೋಖಲೆಯವರು ಹುಟ್ಟಿದ್ದು 1866ರಲ್ಲಿ. ಅವರ ನೂರನೆಯ ವರ್ಷ ಸರಿಯಾಗಿ 1966. ಆ ವರ್ಷವೇ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ತೆರೆಯಿತು! ಮುಂಬಯಿಯ ಯುವಕನಿಗೆ ದಾರಿ ತೋರಿಸಿದ ಗುರುವಿನ ಹೆಸರು ಊರಿನ ಕಾಲೇಜಿನ ನೆತ್ತಿಯ ಮೇಲೆ. 1966ರಲ್ಲಿ ಕಾಲೇಜು. 1967ರಲ್ಲಿ ಲೋಕಸಭೆ! ಈ ಮನುಷ್ಯನಿಗೆ ನಿದ್ದೆ ಮಾಡಲು ಹೊತ್ತಾದರೂ ಇತ್ತೆ?

ಅಂದ ಹಾಗೆ, ಸಂಸತ್ತಿನಲ್ಲೂ ಕೂತು ಪುಸ್ತಕವನ್ನೂ ಬರೆದವರ ಕಥೆಗಳು ಬೇರೆ ಕಡೆ ಇಲ್ಲವೆ? ಇವೆ. ಅಮೆರಿಕದ್ದೊಂದು ಅದ್ಭುತ! ಇಗ್ನೇಷಿಯಸ್ ಡೊನೆಲಿ ಎಂಬಾತ ಮಿನೆಸೋಟದಿಂದ ಆರಿಸಿ ಬಂದು 1863ರಿಂದ 1869ರವರೆಗೆ ಅಲ್ಲಿಯ ಕಾಂಗ್ರೆಸ್ ಸದಸ್ಯನಾಗಿದ್ದ. ಅಧಿಕಾರ ಹೋಯಿತು. ಆಮೇಲೆ 1882ರಲ್ಲಿ ಒಂದು ಪುಸ್ತಕ ಬರೆದ. ವಿಷಯ ಏನು, ಊಹಿಸಿ! ತೆರಿಗೆಯೆ? ಆಡಳಿತವೆ? ಅಲ್ಲ. ಅಟ್ಲಾಂಟಿಸ್! ಸಮುದ್ರದಲ್ಲಿ ಮುಳುಗಿಹೋಯಿತೆನ್ನುವ ಖಂಡ! ಪುಸ್ತಕ ಮುದ್ರಣದ ಮೇಲೆ ಮುದ್ರಣ ಕಂಡಿತು. ಇಂಗ್ಲೆಂಡಿನ ಪ್ರಧಾನಿ ಗ್ಲ್ಯಾಡ್‌ಸ್ಟನ್ ಅವನಿಗೆ ಪತ್ರ ಬರೆದರು. ಅಟ್ಲಾಂಟಿಸ್ ಎಂಬ ಗುಂಗು ಇವತ್ತಿಗೂ ಜಗತ್ತನ್ನು ಬಿಟ್ಟಿಲ್ಲವೆಂದರೆ ಅದರಲ್ಲಿ ಅವನದು ದೊಡ್ಡ ಪಾಲು. 1888ರಲ್ಲಿ ಇನ್ನೊಂದು ದೊಡ್ಡ ಗ್ರಂಥ ಬಂತು. ಶೇಕ್ಸ್‌ಪಿಯರನ ನಾಟಕ ಬರೆದದ್ದು ಶೇಕ್ಸ್‌ಪಿಯರನಲ್ಲ, ಫ್ರಾನ್ಸಿಸ್ ಬೇಕನ್ ಎಂದು ವಾದ!

ಬೆರಗಿನ ಮನುಷ್ಯ, ಒಪ್ಪುತ್ತೇನೆ. ಆದರೆ ನನ್ನ ಮನಸ್ಸು ಅಂಕೋಲೆಯವರ ಕಡೆಗೇ ವಾಲುತ್ತದೆ. ಡೊನೆಲಿ ಸಮುದ್ರದಲ್ಲಿ ಇಲ್ಲದ ನಾಡನ್ನು ಹುಡುಕಿದ. ದೇಸಾಯಿ ಅವರು ಸಮುದ್ರದಲ್ಲಿ ಇರುವ ಮನುಷ್ಯನನ್ನು ಹುಡುಕಿದರು, ಹೊಗೆಯೊಳಗೆ, ಬಾಯ್ಲರಿನ ಮುಂದೆ.

ಈಗ ಚುಟುಕಕ್ಕೆ ಬರೋಣ. ನಾಲ್ಕೇ ಸಾಲು!

ನಾಲ್ಕು ಸಾಲಿನಲ್ಲಿ ಏನು ಹಿಡಿಯುತ್ತದೆ ಅಂತೀರಾ? ಎಲ್ಲವೂ ಹಿಡಿಯುತ್ತದೆ! ಮಂತ್ರಿ ಹಿಡಿಯುತ್ತಾನೆ, ಮಠ ಹಿಡಿಯುತ್ತದೆ, ಬೆಲೆಯೇರಿಕೆ ಹಿಡಿಯುತ್ತದೆ, ಹಸಿವು ಹಿಡಿಯುತ್ತದೆ. ದೇಸಾಯಿ ಅವರ ಚೌಪದಿ ಓದಲು ಎಷ್ಟು ಹೊತ್ತು ಬೇಕು? ಹತ್ತು ಸೆಕೆಂಡು! ಮೊದಲೆರಡು ಸಾಲು ಸಲೀಸಾಗಿ ಕರೆದುಕೊಂಡು ಹೋಗುತ್ತವೆ. ಮೂರನೆಯದರಲ್ಲಿ ದಾರಿ ತಿರುಗುತ್ತದೆ. ನಾಲ್ಕನೆಯದರಲ್ಲಿ ಪ್ರಾಸ ಬಿದ್ದಾಗ ಸಿಡಿಮದ್ದು ಸಿಡಿದ ಹಾಗೆ ನಗು! ನಕ್ಕ ಮೇಲೆ ಎಲ್ಲೋ ಒಂದು ಕಡೆ ಚುರುಕ್ಕೆನ್ನುತ್ತದೆ.

ಎಷ್ಟು ಬರೆದರು? ನೂರು? ಐನೂರು? ಸಾವಿರಾರು! 'ದಿನಕರನ ಚೌಪದಿ' ಎಂಬ ದಪ್ಪ ಸಂಕಲನ ತೆರೆದರೆ ಯಾವ ಪುಟದಿಂದಲೂ ಶುರು ಮಾಡಬಹುದು. ಪತ್ರಿಕೆಯಲ್ಲಿ ಬಂದದ್ದನ್ನು ಜನ ಕತ್ತರಿಸಿ ಇಟ್ಟುಕೊಂಡರು, ಭಾಷಣಕಾರರು ಕದ್ದು ಹೇಳಿದರು, ಬಸ್ಸಿನಲ್ಲಿ ಹೇಳಿದರು, ಮದುವೆ ಮನೆಯಲ್ಲಿ ಹೇಳಿದರು. ಇದನ್ನು ನೋಡಿ ಬರೆಯಲು ಕೂತವರಿಗೆ ಲೆಕ್ಕವಿಲ್ಲ. ಮುಂದೆ ಚುಟುಕಕ್ಕೇ ಒಂದು ಸಾಹಿತ್ಯ ಪರಿಷತ್ತು ಹುಟ್ಟಿಕೊಂಡಿತು ಕರ್ನಾಟಕದಲ್ಲಿ! ನಾಲ್ಕು ಸಾಲಿನ ಪದ್ಯಕ್ಕೆ ಒಂದು ಪರಿಷತ್ತು!

ಒಂದು ಸಂಗತಿ ಗಮನಿಸಿ. ರಾಜಕಾರಣವನ್ನು ಹೀಗೆ ಕುಟುಕಿದವರು ದೂರದಲ್ಲಿ ಕೂತು ಬರೆದವರಲ್ಲ. ಒಳಗೆ ಹೋಗಿ ನೋಡಿ ಬಂದವರು! ಮತ ಕೇಳಿದವರು, ಗೆದ್ದವರು, ಲೋಕಸಭೆಯಲ್ಲಿ ಕೂತವರು. ಅದಕ್ಕೇ ಆ ಏಟು ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತದೆ.

ಆ ಲೋಕಸಭೆ ಪೂರ್ತಿ ಐದು ವರ್ಷ ನಡೆಯಲೂ ಇಲ್ಲ, 1970ರ ಡಿಸೆಂಬರಿನಲ್ಲಿ ವಿಸರ್ಜನೆಯಾಯಿತು. ಅಧಿಕಾರಕ್ಕೆ ಅಷ್ಟೇ ಆಯುಸ್ಸು. ಚೌಪದಿಗೆ? ಅದು ಇನ್ನೂ ಓಡುತ್ತಿದೆ!

ಈಗ ಒಂದು ಹಾಡು. ನಗುವಿನದಲ್ಲ. ಇದೂ ನಿಮಗೆ ಗೊತ್ತಿರುವುದೇ, ಭಾವಗೀತೆಯ ಕಾರ್ಯಕ್ರಮಗಳಲ್ಲಿ ಕೇಳಿರುತ್ತೀರಿ. ಸತ್ತ ಮೇಲೆ ತನ್ನ ಬೂದಿಯನ್ನು ಏನು ಮಾಡಬೇಕು ಎಂದು ಕವಿ ಕೇಳಿಕೊಳ್ಳುವ ಕವಿತೆ. ಕಾಶಿಗೆ ಒಯ್ಯಬೇಕೆ? ಇಲ್ಲ. ಸಮಾಧಿ ಕಟ್ಟಬೇಕೆ? ಇಲ್ಲ. ಮೂರು ಜಾಗ ಹೇಳುತ್ತಾರೆ. ಒಂದು, ಭತ್ತದ ಗದ್ದೆ, ಗೊಬ್ಬರವಾಗಲಿ ಎಂದು. ಇನ್ನೊಂದು ತಾವರೆಯ ಕೊಳ. ನಡುವಿನದು?

ಮೀನು ಹಿಡಿಯುವ ಹೊಳೆ! ಆ ಬೂದಿ ತಿಂದು ಮೀನು ಪುಷ್ಟವಾಗಲಿ ಎನ್ನುವ ಆಸೆ!

ಗದ್ದೆ ಮತ್ತು ಮೀನು. ಅನ್ನ ಮತ್ತು ಸಾರು. ಕರಾವಳಿಯ ಬಡವನ ತಾಟಿನಲ್ಲಿ ಇರುವುದು ಇವೆರಡೇ ತಾನೆ? ತನ್ನನ್ನು ಗೆಲ್ಲಿಸಿದ ಜನರ ತಾಟಿಗೆ ಮರಳಬೇಕೆಂದು ಬಯಸಿದ ಸಂಸದ ಜಗತ್ತಿನಲ್ಲಿ ಇನ್ನೆಲ್ಲಾದರೂ ಇದ್ದಾರೆಯೆ? ನನಗೆ ಈ ಕವಿತೆ ಓದುವಾಗಲೆಲ್ಲ ತೆಂಗಿನಗುಂಡಿಯ ಮೀನು ಮಾರುವ ತಾಯಂದಿರು ಕಣ್ಣ ಮುಂದೆ ಬರುತ್ತಾರೆ. ಅವರಿಗೆ ಇದನ್ನು ಹಾಡಿ ಕೇಳಿಸಬೇಕು! 1982ರ ನವೆಂಬರ್ 6ರಂದು ದೇಸಾಯಿ ಅವರು ತೀರಿಕೊಂಡರು. ವಯಸ್ಸು 73.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಇಲ್ಲ! ಇನ್ನೊಂದು ಬಾಗಿಲು ಇದೆ.

ಈ ಕ್ಷೇತ್ರದಲ್ಲೇ ಏನೋ ಇದೆ! ದೇಸಾಯಿ ಅವರಿಗಿಂತ ಮುಂಚೆ ಇಲ್ಲಿಂದ ಯಾರು ಗೆದ್ದಿದ್ದರು? 1952ರಲ್ಲಿ, 1957ರಲ್ಲಿ, 1962ರಲ್ಲಿ, ಮೂರು ಸಲವೂ ಜೋಕಿಮ್ ಆಳ್ವ! ಅವರು ಏನು ಮಾಡುತ್ತಿದ್ದರು ಗೊತ್ತೆ? ಅವರೂ ಬರೆಯುತ್ತಿದ್ದರು! ಉಡುಪಿಯ ಕಡೆಯ ಬೆಳ್ಳೆಯಲ್ಲಿ 1907ರಲ್ಲಿ ಹುಟ್ಟಿದ ವಕೀಲರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. 1943ರಲ್ಲಿ ಅವರ 'ಮೆನ್ ಅಂಡ್ ಸೂಪರ್‌ಮೆನ್ ಆಫ್ ಹಿಂದುಸ್ತಾನ್' ಹೊರಬಂತು. ಅದೇ 1943ರಲ್ಲಿ ಮಡದಿ ವಯೊಲೆಟ್ ಆಳ್ವ ಅವರ ಜೊತೆ 'ಫೋರಂ' ಎಂಬ ಪತ್ರಿಕೆಯನ್ನೂ ತೆಗೆದರು! ಗಂಡ ಲೋಕಸಭೆಯಲ್ಲಿ, ಹೆಂಡತಿ ರಾಜ್ಯಸಭೆಯಲ್ಲಿ. ಭಾರತದ ಸಂಸತ್ತಿನಲ್ಲಿ ಕೂತ ಮೊದಲ ದಂಪತಿ ಇವರೇ! 1962ರಲ್ಲಿ ವಯೊಲೆಟ್ ರಾಜ್ಯಸಭೆಯ ಉಪಸಭಾಪತಿಯಾದರು. 2008ರಲ್ಲಿ ಇಬ್ಬರ ಚಿತ್ರವೂ ಒಂದೇ ಅಂಚೆಚೀಟಿಯ ಮೇಲೆ ಬಂತು!

ಮತ್ತೆ ಮುಂದಕ್ಕೆ ಹಾರೋಣ. 1999. ಅದೇ ಕೆನರಾ. ಗೆದ್ದವರು ಮಾರ್ಗರೆಟ್ ಆಳ್ವ. ಯಾರವರು? ಜೋಕಿಮ್ ಮತ್ತು ವಯೊಲೆಟ್ ಆಳ್ವರ ಸೊಸೆ! ಮಾವ ಮೊದಲು ಗೆದ್ದ 47 ವರ್ಷಗಳ ಮೇಲೆ ಅದೇ ಕ್ಷೇತ್ರದಿಂದ ಸೊಸೆ! ಆಮೇಲೆ ಅವರು ಉತ್ತರಾಖಂಡ, ರಾಜಸ್ಥಾನಗಳ ರಾಜ್ಯಪಾಲರಾದರು. ಎಲ್ಲ ಮುಗಿದ ಮೇಲೆ 2016ರಲ್ಲಿ ಏನು ಮಾಡಿದರು? ಸರಿಯಾಗಿ ಊಹಿಸಿದಿರಿ! ಪುಸ್ತಕ! 'ಕರೇಜ್ ಅಂಡ್ ಕಮಿಟ್‌ಮೆಂಟ್' ಎಂಬ ಆತ್ಮಕಥೆ.

ನಡುವೆ ಒಂದು ವರ್ಷ ಬಿಟ್ಟೆ. ಬೇಕೆಂತಲೇ ಬಿಟ್ಟೆ!

1989. ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬರುತ್ತದೆ ಎಂದು ಜಿಲ್ಲೆಯಲ್ಲಿ ದೊಡ್ಡ ಗದ್ದಲ. ಲೋಕಸಭಾ ಚುನಾವಣೆ ಬಂತು. ಕಾಳಿ ನದಿಯ ಕಾಡಿನ ನಡುವೆ ಅಣುಸ್ಥಾವರ ಬೇಡ ಎಂದು ಹೇಳಲು ಒಬ್ಬರು ಅಭ್ಯರ್ಥಿಯಾಗಿ ನಿಂತರು. ವಯಸ್ಸು ಎಷ್ಟು? ನಲವತ್ತು? ಅರವತ್ತು? ಎಂಬತ್ತೇಳು! 87 ತುಂಬಿದ ಅಭ್ಯರ್ಥಿ! ಅಷ್ಟು ಹೊತ್ತಿಗೆ ಜ್ಞಾನಪೀಠ ಪ್ರಶಸ್ತಿ ಪಡೆದು ಹತ್ತು ವರ್ಷ ದಾಟಿತ್ತು.

ಕೋಟ ಶಿವರಾಮ ಕಾರಂತ!

ಹೌದು, 'ಮೂಕಜ್ಜಿಯ ಕನಸುಗಳು' ಬರೆದ ಕಾರಂತರು, ನಿಮ್ಮ ಕ್ಷೇತ್ರದಲ್ಲಿ, ನಿಮ್ಮ ಮತಪತ್ರದ ಮೇಲೆ!

ಇನ್ನೂ ಒಂದು ಸಂಗತಿ ಉಳಿದಿದೆ, ಇದನ್ನು ಕೊನೆಗೆಂದೇ ಎತ್ತಿಟ್ಟಿದ್ದೆ. 1989ರ ಮಾರ್ಚಿನಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಅಂದರೆ ಹದಿನೆಂಟರ ಹುಡುಗ ಹುಡುಗಿಯರು ಮೊಟ್ಟಮೊದಲು ಮತ ಹಾಕಿದ ಲೋಕಸಭಾ ಚುನಾವಣೆ ಅದು! ಅಂಥ ಚುನಾವಣೆಯಲ್ಲಿ 87ರ ಅಜ್ಜ ಬಂದು, ಮುಂದಿನವರ ಗಾಳಿ ನೀರಿನ ಮಾತೆತ್ತಿ ಮತ ಕೇಳಿದರು. ಗೆಲ್ಲಲಿಲ್ಲ. ಕೈಗಾ ಬಂತು. ಆದರೆ ಆ ಹದಿನೆಂಟರವರು ಎಲ್ಲಿ ಹೋದರು? ಇಲ್ಲೇ ಇದ್ದಾರೆ! ಐವತ್ತು ದಾಟಿದ್ದಾರೆ. ಯಾವುದೋ ಬೋಟಿನ ಯಜಮಾನರಾಗಿದ್ದಾರೆ, ಯಾವುದೋ ಶಾಲೆಯ ಹೆಡ್‌ಮಾಸ್ತರರಾಗಿದ್ದಾರೆ, ಭಟ್ಕಳದ ಪೇಟೆಯಲ್ಲಿ ಅಂಗಡಿ ಇಟ್ಟಿದ್ದಾರೆ.

ಇನ್ನು 1967ರಲ್ಲಿ ದಿನಕರ ದೇಸಾಯಿ ಅವರಿಗೆ ಮತ ಹಾಕಿದವರು? ಆಗ 21 ತುಂಬಿರಬೇಕಿತ್ತು. ಲೆಕ್ಕ ಹಾಕಿ. ಈಗ ಎಂಬತ್ತರ ಆಸುಪಾಸು, ಇಲ್ಲವೆ ಅದರ ಮೇಲೆ. ನಿಮ್ಮ ಕೇರಿಯಲ್ಲೇ ಒಬ್ಬ ಅಜ್ಜ ಇರಬಹುದು, ಒಬ್ಬ ಅಮ್ಮಮ್ಮ ಇರಬಹುದು. ಆ ಮನುಷ್ಯನನ್ನು ಕಣ್ಣಾರೆ ಕಂಡವರು! ಅವರು ಮತ ಕೇಳಲು ಹೇಗೆ ಬಂದರು? ನಡೆದೋ, ಜೀಪಿನಲ್ಲೋ, ದೋಣಿಯಲ್ಲೋ? ಏನು ಮಾತಾಡಿದರು? ಸಭೆಯಲ್ಲಿ ಚುಟುಕ ಹೇಳಿದರೆ? ಇದನ್ನು ಯಾವ ಪುಸ್ತಕವೂ ಹೇಳುವುದಿಲ್ಲ, ಅವರೇ ಹೇಳಬೇಕು. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಪಕ್ಕದಲ್ಲಿ ಕೂತುಕೊಳ್ಳಿ, ಕೇಳಿ. ಈ ವಾರವೇ ಹೋಗಿ ಕೇಳಿ!